ಪ್ಯಾರಿಸ್ ಹಿಡಿಸಲಿಲ್ಲ, ಮನೆ ನೆನಪಾಯಿತು

ಪ್ರಶ್ನೆ: ಮಾನ್ಯರೇ, ಪ್ಯಾರಿಸ್ ನೋಡಬೇಕೆಂಬುದು ಶಾಲೆಯ ದಿನಗಳಿಂದಲೂ ನನಗಿದ್ದ ಆಸೆ. ವರ್ಷಗಟ್ಟಲೆ ಹಣ ಕೂಡಿಟ್ಟು ಈಚೆಗೆ ಒಬ್ಬಳೇ ಹೋಗಿಬಂದೆ. ಆದರೆ ಹೋದ ಮರುದಿನದಿಂದಲೇ ಮನಸ್ಸು ಕುಗ್ಗಿತು. ಲೂವ್ರ್ ಮ್ಯೂಸಿಯಂನಲ್ಲಿ ಸರದಿಯಲ್ಲಿ ನಿಂತು ಮೊನಾಲಿಸಾ ಚಿತ್ರದ ಹತ್ತಿರ ಹೋದರೆ ಕಂಡದ್ದು ಮೊಬೈಲ್ ಎತ್ತಿಹಿಡಿದ ಕೈಗಳು. ಐಫೆಲ್ ಗೋಪುರ ಫೋಟೊದಲ್ಲಿ ಇರುವಂತೆಯೇ ಇತ್ತು, ಬೇರೇನೂ ಅನ್ನಿಸಲಿಲ್ಲ. ಅಂಗಡಿಗಳಲ್ಲಿ ಯಾರೂ ಮುಖ ಕೊಟ್ಟು ಮಾತನಾಡಲಿಲ್ಲ. ಸಂಜೆಯಾಗುತ್ತಲೇ ಮನೆಯ ನೆನಪು ಒತ್ತರಿಸಿ ಬಂದು ಹೋಟೆಲಿನ ಕೋಣೆಯಲ್ಲಿ ಅಳುತ್ತಿದ್ದೆ. ಮನೆಯವರಿಗೆ ಮಾತ್ರ ‘ಬಹಳ ಚೆನ್ನಾಗಿದೆ’ ಎಂದು ಹೇಳಿ ನಗುಮುಖದ ಫೋಟೊ ಕಳಿಸುತ್ತಿದ್ದೆ. ಎಷ್ಟೋ ಜನರಿಗೆ ಸಿಗದ ಅವಕಾಶ ಸಿಕ್ಕಿಯೂ ಸಂತೋಷಪಡಲಾಗದ ನಾನು ಕೃತಘ್ನಳೇ? ಮುಂದಿನ ವರ್ಷ ತಂಗಿಯ ಜೊತೆ ರೋಮ್‌ಗೆ ಹೋಗುವ ಮಾತಿದೆ. ಅಲ್ಲಿಯೂ ಹೀಗೇ ಆದರೆ ಎಂಬ ಭಯ ಕಾಡುತ್ತಿದೆ.
– ಹೆಸರು ಪ್ರಕಟಿಸಬೇಡಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆಬೇರೆ ಸಂಕಟಗಳು ಹೆಣೆದುಕೊಂಡಿವೆ, ಅವನ್ನು ಬಿಡಿಸಿ ನೋಡದೆ ಯಾವುದಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ. ನಗರ ನಿಮ್ಮ ನಿರೀಕ್ಷೆಗೆ ತಕ್ಕಂತಿರಲಿಲ್ಲ ಎನ್ನುವುದು ಒಂದು, ಮನೆಯ ಹಂಬಲ ನಿಮ್ಮನ್ನು ಕಾಡಿತು ಎನ್ನುವುದು ಇನ್ನೊಂದು. ಮನೆಯ ಹಂಬಲದಲ್ಲಿ ಇರುವವರಿಗೆ ಎಂಥ ಚೆಲುವಾದ ಊರೂ ಕಳೆಗುಂದಿಯೇ ಕಾಣುತ್ತದೆ. ಹಾಗೆಯೇ ಊರು ನಿರಾಸೆ ಮಾಡಿದಾಗ ಮನೆಯು ಇರುವುದಕ್ಕಿಂತ ಹೆಚ್ಚು ಹಿತವಾಗಿ ನೆನಪಾಗುತ್ತದೆ. ಹೀಗೆ ಒಂದು ಇನ್ನೊಂದಕ್ಕೆ ನೀರೆರೆಯುವುದರಿಂದ ಎರಡೂ ಸೇರಿ ‘ನನ್ನಲ್ಲಿಯೇ ಏನೋ ಕೊರತೆಯಿದೆ’ ಎಂಬ ಮೂರನೆಯ ಭಾವನೆಯನ್ನು ಹುಟ್ಟಿಸಿವೆ. ಈ ಮೂರನೆಯದಕ್ಕೆ ಆಧಾರವಿಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ.

ನಿರಾಸೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಮೊನಾಲಿಸಾ ಚಿತ್ರದ ಎತ್ತರ 77 ಸೆಂಟಿಮೀಟರ್, ಅಗಲ 53 ಸೆಂಟಿಮೀಟರ್. ಪಾಪ್ಲರ್ ಮರದ ಹಲಗೆಯ ಮೇಲೆ ಬರೆದ, ಒಂದಿಬ್ಬರು ಹತ್ತಿರ ನಿಂತು ಸಾವಧಾನವಾಗಿ ನೋಡಬೇಕಾದ ಚಿತ್ರ ಅದು. ಅದನ್ನು ದಪ್ಪ ಗಾಜಿನ ಹಿಂದಿಟ್ಟು, ಮುಂದೆ ಕಟಕಟೆ ಹಾಕಿ, ದಿನಕ್ಕೆ ಸಾವಿರಾರು ಜನ ನೋಡಿ ಮುಂದೆ ಸಾಗುವಂತೆ ವ್ಯವಸ್ಥೆ ಮಾಡಿದ್ದಾರೆ. ಅಂಥ ಕಡೆ ನಿಂತ ಯಾರಿಗೇ ಆಗಲಿ ಆ ಚಿತ್ರದ ಸೊಗಸು ದಕ್ಕದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಇದನ್ನು ಆ ದೇಶವೇ ಒಪ್ಪಿಕೊಂಡಿದೆ: 2025ರ ಜನವರಿಯಲ್ಲಿ ಫ್ರಾನ್ಸ್‌ನ ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರಾನ್ ಮೊನಾಲಿಸಾಗೆ ಪ್ರತ್ಯೇಕ ಕೋಣೆಯನ್ನು ನಿರ್ಮಿಸುವುದಾಗಿ ಪ್ರಕಟಿಸಿದರು, ಅದೇ ವರ್ಷದ ಜೂನ್‌ನಲ್ಲಿ ಮ್ಯೂಸಿಯಂನ ಸಿಬ್ಬಂದಿಯೇ ಜನಜಂಗುಳಿಯಿಂದ ಬೇಸತ್ತು ಕೆಲಸ ನಿಲ್ಲಿಸಿದ್ದರಿಂದ ಅಂದು ಬಾಗಿಲು ತೆರೆಯುವುದು ಗಂಟೆಗಟ್ಟಲೆ ತಡವಾಯಿತು. ಅಲ್ಲಿ ದುಡಿಯುವವರಿಗೇ ಸಹಿಸಲಾಗದ ದಟ್ಟಣೆಯಲ್ಲಿ ನಿಮಗೆ ರಸಾನುಭವವಾಗಲಿಲ್ಲವೆಂದು ನೀವು ನೊಂದುಕೊಳ್ಳಬೇಕಾಗಿಲ್ಲ.

ಈ ಚಿತ್ರಕ್ಕೆ ಇಂದಿನ ಪ್ರಸಿದ್ಧಿ ಬಂದದ್ದರಲ್ಲಿ ಚಿತ್ರಕಲೆಗೆ ಸಂಬಂಧವಿಲ್ಲದ ಕಾರಣವೂ ಇದೆ. 1911ರ ಆಗಸ್ಟ್‌ನಲ್ಲಿ ವಿಂಚೆಂಜೊ ಪೆರುಜಾ ಎಂಬ ಇಟಲಿಯ ಕೆಲಸಗಾರ ಅದನ್ನು ಗೋಡೆಯಿಂದ ತೆಗೆದು ಹೊತ್ತೊಯ್ದ. ಎರಡು ವರ್ಷಗಳ ನಂತರ ಅದು ಫ್ಲಾರೆನ್ಸ್‌ನಲ್ಲಿ ಸಿಗುವವರೆಗೂ ಜಗತ್ತಿನ ಪತ್ರಿಕೆಗಳು ಅದರ ಚಿತ್ರವನ್ನು ಮತ್ತೆ ಮತ್ತೆ ಅಚ್ಚುಹಾಕಿದವು, ಚಿತ್ರವಿಲ್ಲದ ಬರಿಗೋಡೆಯನ್ನು ನೋಡುವುದಕ್ಕೂ ಜನ ಸಾಲುಗಟ್ಟಿ ನಿಂತರು. ಪ್ರಸಿದ್ಧಿ ಹೀಗೆ ನೋಟಕ್ಕಿಂತ ಮೊದಲೇ ಬಂದು ಕುಳಿತಿರುತ್ತದೆ. ನೀವು ಪ್ಯಾರಿಸ್ಸಿಗೆ ಹೋಗುವ ಮೊದಲೇ ಸಾವಿರಾರು ಫೋಟೊಗಳಲ್ಲಿ, ಅದೂ ಬೆಳಕು ಚೆನ್ನಾಗಿದ್ದು ಜನರಿಲ್ಲದ ಹೊತ್ತಿನಲ್ಲಿ ತೆಗೆದ ಫೋಟೊಗಳಲ್ಲಿ, ಆ ನಗರವನ್ನು ನೋಡಿ ಮುಗಿಸಿದ್ದಿರಿ. ಎದುರಿಗೆ ನಿಂತ ಗೋಪುರಕ್ಕೆ ಹೊಸದಾಗಿ ತೋರಿಸಲು ಉಳಿದದ್ದು ಕಡಿಮೆ. ಆ ಗೋಪುರ ಕಟ್ಟಲು ಆರಂಭಿಸಿದ 1887ರಲ್ಲಿಯೇ ಪ್ಯಾರಿಸ್ಸಿನ ಹಲವು ಬರಹಗಾರರು ಮತ್ತು ಕಲಾವಿದರು ಅದು ನಗರದ ಅಂದಗೆಡಿಸುತ್ತದೆಂದು ಪತ್ರಿಕೆಯಲ್ಲಿ ಬಹಿರಂಗ ಪ್ರತಿಭಟನೆ ಸಲ್ಲಿಸಿದ್ದರು. ಕತೆಗಾರ ಮೊಪಾಸಾ ಸಹಿ ಹಾಕಿದ್ದರು, ಅಲ್ಲಿನ ಭವ್ಯ ಒಪೆರಾ ಮಂದಿರವನ್ನು ಕಟ್ಟಿದ ವಾಸ್ತುಶಿಲ್ಪಿ ಶಾರ್ಲ್ ಗಾರ್ನಿಯೆ ಕೂಡ ಹಾಕಿದ್ದರು. ಅವರೆಲ್ಲ ಇಷ್ಟಪಡದ ಗೋಪುರವನ್ನು ಇಷ್ಟಪಡದಿರುವ ಹಕ್ಕು ನಿಮಗೂ ಇದೆ.

‘ಪ್ಯಾರಿಸ್ ಸಿಂಡ್ರೋಮ್’ ಎಂಬ ಹೆಸರನ್ನು ನೀವು ಎಲ್ಲಿಯಾದರೂ ಓದಿರಬಹುದು, ಅಥವಾ ಇನ್ನು ಮುಂದೆ ಯಾರಾದರೂ ನಿಮಗೆ ಅದನ್ನು ಅಂಟಿಸಬಹುದು. ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಮನೋವೈದ್ಯ ಹಿರೊಆಕಿ ಓಟ ಅವರು, ಆ ನಗರಕ್ಕೆ ಬಂದು ತೀವ್ರ ಮಾನಸಿಕ ಕ್ಷೋಭೆಗೆ ಒಳಗಾದ ತಮ್ಮ ದೇಶದವರಿಗೆ ಚಿಕಿತ್ಸೆ ನೀಡುತ್ತ ಇದನ್ನು ಗುರುತಿಸಿದರು. ಅವರೂ ಅವರ ಸಹೋದ್ಯೋಗಿಗಳೂ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, 1988ರಿಂದ ಆವರೆಗೆ ಆಸ್ಪತ್ರೆ ಸೇರಿದ 63 ಜಪಾನೀ ರೋಗಿಗಳ ವಿವರವಿದೆ. ಅಷ್ಟು ವರ್ಷಗಳಲ್ಲಿ ಅಲ್ಲಿಗೆ ಬಂದುಹೋದ ಜಪಾನೀ ಪ್ರವಾಸಿಗರ ಸಂಖ್ಯೆಯ ಮುಂದೆ ಇದು ತೀರ ಅಪರೂಪದ ಸಂಗತಿ. ಅವರಲ್ಲಿ ಅನೇಕರಿಗೆ ಮೊದಲಿನಿಂದಲೇ ಮನೋರೋಗದ ಹಿನ್ನೆಲೆಯೂ ಇತ್ತು. ನಿಮಗಾದದ್ದು ಅದಲ್ಲ. ಸಂಜೆ ಅತ್ತು ಬೆಳಿಗ್ಗೆ ಎದ್ದು ಮತ್ತೆ ಊರು ನೋಡಲು ಹೊರಟವರ ದುಃಖಕ್ಕೆ ರೋಗದ ಹೆಸರು ಬೇಡ, ಅಂಥ ಹೆಸರುಗಳನ್ನು ಹಗುರವಾಗಿ ಬಳಸುವುದು ನಿಜವಾಗಿ ಕಾಯಿಲೆಯಿಂದ ನರಳುವವರಿಗೂ ನ್ಯಾಯವಲ್ಲ.

ಅಂಗಡಿಯವರ ವರ್ತನೆಗೆ ಮಾತ್ರ ಸರಳವಾದ ವಿವರಣೆಯೊಂದಿದೆ. ಫ್ರಾನ್ಸ್‌ನಲ್ಲಿ ಸಣ್ಣ ಅಂಗಡಿಯ ಒಳಗೆ ಕಾಲಿಟ್ಟ ಕೂಡಲೇ ಅಲ್ಲಿದ್ದವರತ್ತ ನೋಡಿ ‘ಬೋಂಜೂರ್’ ಎನ್ನಬೇಕು, ಸಂಜೆಯಾದರೆ ‘ಬೋಂಸ್ವಾರ್’. ಹೊರಡುವಾಗಲೂ ಒಂದು ಮಾತು ಹೇಳಬೇಕು. ಅದನ್ನು ಹೇಳದೆ ನೇರವಾಗಿ ‘ಇದಕ್ಕೆ ಎಷ್ಟು’ ಎಂದು ಕೇಳಿದವರು ಎಷ್ಟೇ ನಯವಾದ ಇಂಗ್ಲಿಷಿನಲ್ಲಿ ಕೇಳಿದರೂ ಅವರ ಕಣ್ಣಿಗೆ ಒರಟರು. ಅವರು ತಿರುಗಿ ಬಿಗುಮಾನ ತೋರುತ್ತಾರೆ, ನಾವು ಅವರನ್ನು ಸೊಕ್ಕಿನವರೆನ್ನುತ್ತೇವೆ. ಪ್ರವಾಸದ ಕೈಪಿಡಿಗಳು ಈ ಒಂದು ಮಾತನ್ನು ಮೊದಲ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಅಚ್ಚುಹಾಕಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮನಸ್ಸು ಮೆತ್ತಗಾಗಿರುವ ಹೊತ್ತಿನಲ್ಲಿ ಅಪರಿಚಿತರ ಒಂದು ಬಿಗಿದ ಮುಖ ಇಡೀ ದಿನವನ್ನು ಕೆಡಿಸಬಲ್ಲದು.

ಇನ್ನು ಮನೆಯ ಹಂಬಲ. ಇದು ದೂರಕ್ಕೆ ಸಂಬಂಧಿಸಿದ್ದೆಂದು ನಾವು ತಿಳಿದಿರುತ್ತೇವೆ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮನೆಯ ಹಂಬಲವನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದ. ಅದರಲ್ಲಿ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಒಬ್ಬ ಯುವಕನ ಪ್ರಸಂಗವಿದೆ. ಬದುಕುವ ಆಸೆಯೇ ಇಲ್ಲವೆನ್ನುವಷ್ಟು ಕಾಯಿಲೆ ಬಿದ್ದಿದ್ದ ಆ ಯುವಕ, ಮನೆಗೆ ಕರೆದೊಯ್ಯುತ್ತೇವೆಂದು ಹೊರಡಿಸಿದ ಮೇಲೆ ದಾರಿಯಲ್ಲಿಯೇ ಚೇತರಿಸಿಕೊಂಡ. ಬರ್ನ್‌ಗೂ ಬಾಸೆಲ್‌ಗೂ ನಡುವೆ ಇರುವುದು ಸುಮಾರು 100 ಕಿಲೋಮೀಟರ್. ಎರಡೂ ಊರಿನವರಾಡುವುದು ಜರ್ಮನ್ನೇ. ಹಾಗಾದರೆ ಅವನಿಗೆ ಇಲ್ಲವಾದದ್ದು ಏನು? ತನ್ನನ್ನು ಬಲ್ಲ ಮುಖಗಳು, ಕಣ್ಣುಮುಚ್ಚಿ ನಡೆಯಬಲ್ಲ ದಾರಿಗಳು, ಇಂಥ ಹೊತ್ತಿಗೆ ಇಂಥದ್ದು ಎಂಬ ದಿನಚರಿ.

ಒಬ್ಬರೇ ಪ್ರವಾಸ ಹೋದವರಿಗೆ ಈ ಮೂರೂ ಒಂದೇ ದಿನದಲ್ಲಿ ಕಳೆದುಹೋಗುತ್ತವೆ. ಹಗಲಿನಲ್ಲಿ ನಕ್ಷೆ, ಟಿಕೆಟ್, ರೈಲು ಎಂದು ಬುದ್ಧಿಗೆ ಕೆಲಸವಿರುತ್ತದೆ. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡಾಗ, ಈ ಊರಿನಲ್ಲಿ ನನ್ನ ಹೆಸರು ಬಲ್ಲವರು ಒಬ್ಬರೂ ಇಲ್ಲ ಎಂಬ ಅರಿವು ಹತ್ತಿರ ಬರುತ್ತದೆ. ನೀವು ಅತ್ತದ್ದೆಲ್ಲ ಸಂಜೆಯ ಹೊತ್ತಿಗೆ ಎಂಬುದನ್ನು ಗಮನಿಸಿ. ಇದಕ್ಕೆ ದೇಹವೂ ಕಾರಣ. ಕಾಲವಲಯ ದಾಟಿದವರ ದೇಹದೊಳಗಿನ ಗಡಿಯಾರ ಹೊಸ ಊರಿನ ಸಮಯಕ್ಕೆ ಹೊಂದಿಕೊಳ್ಳಲು ಪ್ರತಿ ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಬೇಕೆಂದು ಸ್ಥೂಲವಾಗಿ ಲೆಕ್ಕಹಾಕುತ್ತಾರೆ. ಆ ದಿನಗಳಲ್ಲಿ ನಿದ್ದೆ ತುಂಡಾಗುತ್ತದೆ, ಹಸಿವು ತಪ್ಪುತ್ತದೆ, ಸಣ್ಣದಕ್ಕೂ ಕಣ್ಣು ತುಂಬಿಬರುತ್ತದೆ. ದಣಿದ ದೇಹದ ಮಾತನ್ನು ಮನಸ್ಸು ತನ್ನದೆಂದು ತಿಳಿದು, ನಗರದ ಬಗ್ಗೆಯೂ ತನ್ನ ಬಗ್ಗೆಯೂ ತೀರ್ಪು ಕೊಟ್ಟುಬಿಡುತ್ತದೆ. ಮೊದಲ ಮೂರು ನಾಲ್ಕು ದಿನಗಳಲ್ಲಿ ಕೊಟ್ಟ ತೀರ್ಪನ್ನು, ಅದರಲ್ಲಿಯೂ ರಾತ್ರಿ ಕೊಟ್ಟದ್ದನ್ನು, ನಂಬಬೇಕಾಗಿಲ್ಲ.

ನಿಮ್ಮ ಸಂಕಟವನ್ನು ಇಮ್ಮಡಿಗೊಳಿಸಿದ ಇನ್ನೊಂದು ಸಂಗತಿಯನ್ನು ನೀವೇ ಬರೆದಿದ್ದೀರಿ: ಮನೆಯವರಿಗೆ ‘ಬಹಳ ಚೆನ್ನಾಗಿದೆ’ ಎಂದದ್ದು. ನಿಮ್ಮನ್ನು ಬಲ್ಲವರು ಅಷ್ಟು ದೂರದಲ್ಲಿ ಇರುವಾಗ ಅವರೊಡನೆಯೂ ನಿಜ ಹೇಳಿಕೊಳ್ಳಲಾಗದೆ ಹೋದರೆ ಒಂಟಿತನ ಪೂರ್ಣವಾಗುತ್ತದೆ. ಹಾಗೆ ಹೇಳಿದ್ದು ಅವರಿಗೆ ಚಿಂತೆಯಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಎಂದು ಬಲ್ಲೆ. ಆದರೂ ‘ಇಂದು ಬೇಜಾರಾಗಿದೆ, ನಾಳೆ ಸರಿಹೋಗಬಹುದು’ ಎಂದು ಒಬ್ಬರಿಗಾದರೂ ಹೇಳಿಕೊಳ್ಳಬಹುದಿತ್ತು. ಅಷ್ಟಕ್ಕೇ ಮನೆಯವರು ಕಂಗಾಲಾಗುವುದಿಲ್ಲ.

ಪ್ರವಾಸದ ನಡುವಿನ ಸಂತೋಷ ನಾವು ಊಹಿಸಿದ್ದಕ್ಕಿಂತ ಕಡಿಮೆಯಿರುವುದು ಸರ್ವೇಸಾಮಾನ್ಯ. ಟೆರೆನ್ಸ್ ಮಿಚೆಲ್ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುರೋಪಿಗೆ 12 ದಿನಗಳ ಪ್ರವಾಸ ಹೋದವರನ್ನು ಹೋಗುವ ಮುಂಚೆ, ಹೋಗಿದ್ದಾಗ ಮತ್ತು ಬಂದ ಮೇಲೆ ವಿಚಾರಿಸಿದರು. ಮುಂಚಿನ ನಿರೀಕ್ಷೆಯೂ ನಂತರದ ನೆನಪೂ ಹೋಗಿದ್ದಾಗಿನ ಅನುಭವಕ್ಕಿಂತ ಹೆಚ್ಚು ಸೊಗಸಾಗಿದ್ದವು. ಎಂದರೆ, ‘ಪ್ಯಾರಿಸ್ ಎಷ್ಟು ಚೆನ್ನಾಗಿತ್ತು’ ಎಂದು ನಿಮ್ಮೆದುರು ಬಣ್ಣಿಸುವವರಲ್ಲಿ ಹಲವರು ಅಲ್ಲಿದ್ದಾಗ ಕಾಲುನೋವಿನಿಂದ, ಜನರ ತಳ್ಳಾಟದಿಂದ ಬೇಸತ್ತಿದ್ದವರೇ. ಅವರು ಸುಳ್ಳು ಹೇಳುತ್ತಿಲ್ಲ, ಬೇಸರ ಮರೆತುಹೋಗಿದೆ, ಅಷ್ಟೆ. ನಿಮ್ಮ ಅಂದಿನ ಅನುಭವವನ್ನು ಅವರ ಇಂದಿನ ನೆನಪಿನ ಜೊತೆ ಹೋಲಿಸಿ ನಿಮ್ಮನ್ನು ನೀವೇ ಕೃತಘ್ನಳೆಂದುಕೊಂಡಿರಿ. ಹೋಲಿಕೆಯೇ ಸರಿಯಿಲ್ಲ.

ರೋಮ್‌ಗೆ ಖಂಡಿತ ಹೋಗಿ, ಆದರೆ ಬೇರೆ ರೀತಿಯಲ್ಲಿ ಹೋಗಿ. ನೋಡಲೇಬೇಕಾದ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ಹೊತ್ತನ್ನು ಒಂದು ದಿನಚರಿಗೆ ಕೊಡಿ. ದಿನವೂ ಬೆಳಿಗ್ಗೆ ಅದೇ ಕಾಫಿ ಅಂಗಡಿ, ಸಂಜೆ ಅದೇ ಬೆಂಚು. ಮೂರನೆಯ ಬೆಳಿಗ್ಗೆ ಅಂಗಡಿಯಾಕೆ ನಿಮ್ಮನ್ನು ಗುರುತು ಹಿಡಿದು ತಲೆಯಾಡಿಸಿದರೆ, ಬರ್ನ್‌ನ ಯುವಕ ಕಳೆದುಕೊಂಡದ್ದರಲ್ಲಿ ಒಂದು ಪಾಲು ನಿಮಗೆ ಮರಳಿ ಸಿಕ್ಕಿತೆಂದೇ ಅರ್ಥ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಹಸಿರು ಬಣ್ಣದ ಲೋಹದ ಕುರ್ಚಿಗಳಿವೆ, ಅವುಗಳನ್ನು ನೆಲಕ್ಕೆ ಜಡಿದಿಲ್ಲ. ಯಾರು ಬೇಕಾದರೂ ತಮಗೆ ಬೇಕಾದ ಕಡೆ ಎಳೆದುಕೊಂಡು ಕೂರಬಹುದು, ಬಿಸಿಲಿಗೋ ನೆರಳಿಗೋ, ಮಕ್ಕಳು ಆಟದ ಹಾಯಿದೋಣಿಗಳನ್ನು ಕೋಲಿನಿಂದ ತಳ್ಳುವ ಕೊಳದ ಅಂಚಿಗೋ. ಅಲ್ಲಿ ಕುರ್ಚಿಯನ್ನು ಜಲ್ಲಿಯ ಮೇಲೆ ಕರಕರ ಎಳೆದುಕೊಂಡು ಹೋಗುವವನು ಊರವನೋ ಪ್ರವಾಸಿಯೋ ಎಂದು ಯಾರೂ ಕೇಳುವುದಿಲ್ಲ. ಟಿಕೆಟ್ಟಿಲ್ಲದೆ, ಸರದಿಯಿಲ್ಲದೆ ಒಂದು ಗಂಟೆ ಹಾಗೆ ಕುಳಿತವರಿಗೆ ಆ ನಗರ ಎಷ್ಟು ಸಿಗುತ್ತದೆಯೋ ಅಷ್ಟು ಗೋಪುರದ ತುದಿಯಲ್ಲಿ ಸಿಗುವುದಿಲ್ಲವೆಂದು ನನಗೆ ಅನ್ನಿಸುತ್ತದೆ.

ರೋಮ್‌ನಲ್ಲಿಯೂ ಅಂಥ ಜಾಗಗಳಿವೆ. ಪಿಯಾಜ್ಜಾ ನವೋನಾ ಚೌಕದ ಹತ್ತಿರ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಎಂಬ ಚರ್ಚ್ ಇದೆ, ಪ್ರವೇಶಕ್ಕೆ ಟಿಕೆಟ್ ಇಲ್ಲ. ಒಳಗೆ ಎಡಗಡೆಯ ಕೊನೆಯ ಗುಡಿಯಲ್ಲಿ ಕಾರವಾಜ್ಜೊ ಬರೆದ ಸಂತ ಮ್ಯಾಥ್ಯೂನ ಮೂರು ಚಿತ್ರಗಳಿವೆ. ಗುಡಿ ಕತ್ತಲಾಗಿರುತ್ತದೆ, ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತಿಕೊಂಡು ಕೆಲವು ನಿಮಿಷಗಳ ಮಟ್ಟಿಗೆ ಚಿತ್ರಗಳು ಎದ್ದು ಬರುತ್ತವೆ. ಅಕ್ಕತಂಗಿಯರು ಅಲ್ಲಿ ಜೊತೆಯಲ್ಲಿ ನಿಲ್ಲಿ. ಹೊರಡುವ ಮೊದಲೇ ತಂಗಿಗೆ ಈ ಪತ್ರದ ವಿಷಯವನ್ನು ಹೇಳಿಬಿಡಿ, ಯಾವ ಸಂಜೆಯಾದರೂ ನಿಮ್ಮ ಮುಖ ಬಾಡಿದರೆ ಕಾರಣ ಕೇಳದೆಯೇ ಆಕೆಗೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಮಗ ಕಂಪನಿಯ ಕೆಲಸದ ಮೇಲೆ ಮೂರು ತಿಂಗಳ ಮಟ್ಟಿಗೆ ಲಂಡನ್‌ಗೆ ಹೋಗಿದ್ದಾನೆ. ಡಿಸೆಂಬರ್‌ನಲ್ಲಿ ಹೋದಂದಿನಿಂದ ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡಿ ‘ಇಲ್ಲಿ ನೋಡುವಂಥದ್ದೇನೂ ಇಲ್ಲ, ವಾಪಸ್ ಬರುತ್ತೇನೆ’ ಎನ್ನುತ್ತಾನೆ. ಅವನ ತಂದೆ ‘ಲಂಡನ್ ಯಾರಿಗೆ ಸಿಗುತ್ತದೆ, ಸುಮ್ಮನಿರು’ ಎಂದು ಗದರುತ್ತಾರೆ. ನನಗೋ ‘ಬಂದುಬಿಡು’ ಎಂದು ಹೇಳೋಣವೆನ್ನಿಸುತ್ತದೆ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ತಾಯೀ, ನಿಮ್ಮಿಬ್ಬರ ಮಾತೂ ಪ್ರೀತಿಯಿಂದಲೇ ಬಂದದ್ದು, ಆದರೆ ಈಗ ಎರಡೂ ಅವನಿಗೆ ಸಹಾಯ ಮಾಡಲಾರವು. ‘ಯಾರಿಗೆ ಸಿಗುತ್ತದೆ’ ಎಂದಾಗ ಅವನ ದುಃಖಕ್ಕೆ ಅಪರಾಧಭಾವವೂ ಸೇರುತ್ತದೆ. ‘ಬಂದುಬಿಡು’ ಎಂದಾಗ, ಇವನು ಅಲ್ಲಿ ಇರಲಾರ ಎಂದು ಹೆತ್ತವರೇ ನಂಬಿದ್ದಾರೆಂಬ ಸಂದೇಶ ಹೋಗುತ್ತದೆ. ಮಕ್ಕಳ ಮನೆಯ ಹಂಬಲದ ಬಗ್ಗೆ ಕ್ರಿಸ್ಟೋಫರ್ ಥರ್ಬರ್ ಮತ್ತು ಎಡ್ವರ್ಡ್ ವಾಲ್ಟನ್ 2007ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಬರೆದ ಲೇಖನದಲ್ಲಿ, ‘ಹಿಡಿಸದಿದ್ದರೆ ಬಂದು ಕರೆದುಕೊಂಡು ಹೋಗುತ್ತೇವೆ’ ಎಂಬ ಭರವಸೆಯನ್ನು ಹೆತ್ತವರು ಕೊಡಬಾರದೆಂದು ಸ್ಪಷ್ಟವಾಗಿ ಹೇಳಿದ್ದಾರೆ. ನಿಮ್ಮ ಮಗ ದೊಡ್ಡವನಾದರೂ ಈ ಮಾತು ಅವನಿಗೂ ಸಲ್ಲುತ್ತದೆ.

ಡಿಸೆಂಬರ್‌ನ ಲಂಡನ್ ಎಂದರೆ ಏನೆಂದು ಅವನ ತಂದೆಯವರಿಗೆ ತಿಳಿಸಿ. ಆ ತಿಂಗಳ ನಡುವಿನಲ್ಲಿ ಅಲ್ಲಿ ಸೂರ್ಯ ಎಂಟು ಗಂಟೆಯ ನಂತರ ಹುಟ್ಟಿ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ಎಂಟು ಗಂಟೆಯೂ ತುಂಬದ ಹಗಲು, ಅದರಲ್ಲಿಯೂ ಹಲವು ದಿನ ಮೋಡ. ಕಚೇರಿಯಿಂದ ಹೊರಬರುವಷ್ಟರಲ್ಲಿ ಕತ್ತಲಾಗಿರುವ ಊರಿನಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಹುಡುಗ ಹೇಳಿದರೆ ಅವನ ಮಟ್ಟಿಗೆ ಅದು ನಿಜವೇ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರ್ಧ ಗಂಟೆಯಾದರೂ ಹೊರಗೆ ಬೆಳಕಿನಲ್ಲಿ ನಡೆಯಲಿ. ಜನವರಿ ಕಳೆಯುತ್ತಿದ್ದಂತೆ ಹಗಲು ಕಣ್ಣಿಗೆ ಕಾಣುವಂತೆ ಬೆಳೆಯುತ್ತದೆ.

ಫೋನಿಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿ, ಅವನು ಕೆಲಸ ಮುಗಿಸಿ ಊಟಕ್ಕೆ ಕೂರುವ ಹೊತ್ತಾದರೆ ಒಳ್ಳೆಯದು. ಆ ಹೊತ್ತಿಗೆ ನೀವು ತಪ್ಪದೆ ಸಿಗಬೇಕು. ‘ಹೇಗಿದ್ದೀಯಾ’ ಎಂದು ಕೇಳಿದರೆ ಅಳುವೇ ಬರುತ್ತದೆ. ‘ಇವತ್ತು ಯಾವ ದಾರಿಯಲ್ಲಿ ನಡೆದೆ, ಜೊತೆಗೆ ಯಾರಿದ್ದರು’ ಎಂದು ಕೇಳಿ. ಮನೆಯಲ್ಲಿ ನಡೆದ ಸಣ್ಣಪುಟ್ಟದ್ದನ್ನು ನೀವೂ ಹೇಳಿ, ಅವನಿಲ್ಲದೆ ಮನೆ ಬಿಕೋ ಎನ್ನುತ್ತಿದೆ ಎಂಬ ಮಾತನ್ನು ಮಾತ್ರ ಸದ್ಯಕ್ಕೆ ತಡೆಹಿಡಿಯಿರಿ. ವಾರಾಂತ್ಯಗಳನ್ನು ಖಾಲಿ ಬಿಡದಿರಲಿ. ಬ್ರಿಟಿಷ್ ಮ್ಯೂಸಿಯಂಗೂ ನ್ಯಾಷನಲ್ ಗ್ಯಾಲರಿಗೂ ಸಾಮಾನ್ಯ ಪ್ರವೇಶ ಉಚಿತ. ಹಣ ಕೊಟ್ಟಿದ್ದೇನೆ, ಎಲ್ಲವನ್ನೂ ನೋಡಲೇಬೇಕು ಎಂಬ ಒತ್ತಡವಿಲ್ಲದೆ ಒಂದು ಕೋಣೆಯನ್ನಷ್ಟೇ ನೋಡಿ ಬರಬಹುದು, ಮುಂದಿನ ವಾರ ಇನ್ನೊಂದನ್ನು.

ಒಂದು ಎಚ್ಚರಿಕೆ ಇರಲಿ. ಸತತವಾಗಿ ಹಲವು ರಾತ್ರಿ ನಿದ್ದೆಯಿಲ್ಲದಿದ್ದರೆ, ಊಟ ಬಿಟ್ಟರೆ, ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿದರೆ ಅದನ್ನು ಬರಿಯ ಮನೆಯ ನೆನಪೆಂದು ತಳ್ಳಿಹಾಕಬೇಡಿ, ಅಲ್ಲಿಯೇ ವೈದ್ಯರನ್ನು ಕಾಣಿಸಿ. ಲಂಡನ್‌ನಲ್ಲಿ 111 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರಿ ಆರೋಗ್ಯ ಸೇವೆಯವರು ದಾರಿ ತೋರಿಸುತ್ತಾರೆ. ಬದುಕು ಬೇಡವೆಂಬ ಮಾತು ಅವನ ಬಾಯಲ್ಲಿ ಬಂದರೆ ಒಂದು ಕ್ಷಣವೂ ಕಾಯದೆ 999ಕ್ಕೆ ಕರೆ ಮಾಡಿಸಿ. ಅಂಥ ಸಂದರ್ಭದಲ್ಲಿ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮನೆಗೆ ಕರೆಸಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ, ಅವನ ತಂದೆಯವರೂ ಇದನ್ನು ಒಪ್ಪಬೇಕು.

ಪ್ರಶ್ನೆ: ನಾವು ಹಿರಿಯ ದಂಪತಿ, ಪ್ಯಾರಿಸ್ಸಿನಲ್ಲಿ ಮೂರೇ ದಿನ ಇರುತ್ತೇವೆ. ಲೂವ್ರ್‌ಗೆ ಹೋದವರೆಲ್ಲ ನಿರಾಸೆಯಿಂದ ಬಂದಿದ್ದಾರೆ. ಬಿಟ್ಟುಬಿಡಬಹುದೇ?
– ನಿವೃತ್ತ ಶಿಕ್ಷಕರು

ಉತ್ತರ: ಧಾರಾಳವಾಗಿ ಬಿಡಬಹುದು. ಮಾರೆ ಪ್ರದೇಶದ ಕಾರ್ನವಾಲೆ ಮ್ಯೂಸಿಯಂನಲ್ಲಿ ಪ್ಯಾರಿಸ್ ನಗರದ ಇಡೀ ಚರಿತ್ರೆಯಿದೆ, ಅಲ್ಲಿನ ಕಾಯಂ ಸಂಗ್ರಹವನ್ನು ನೋಡಲು ಶುಲ್ಕವಿಲ್ಲ, ಸ್ವಲ್ಪ ದೂರದಲ್ಲಿಯೇ 1612ರಲ್ಲಿ ಪೂರ್ಣಗೊಂಡ ಪ್ಲಾಸ್ ದೆ ವೋಜ್ ಎಂಬ ಚೌಕದಲ್ಲಿ ಮರದ ನೆರಳೂ ಬೆಂಚುಗಳೂ ಇವೆ. ನಿಮ್ಮ ವಯಸ್ಸಿನವರಿಗೆ ಅದೊಂದು ಒಳ್ಳೆಯ ಬೆಳಗು.

ಆದರೂ ಲೂವ್ರ್ ನೋಡುವ ಆಸೆ ಒಳಗೊಳಗೇ ಇದ್ದರೆ ಮಂಗಳವಾರ ಹೋಗಬೇಡಿ, ಅಂದು ರಜೆ. ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಸಂಜೆಯ ಸಮಯಕ್ಕೆ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಿಕೊಳ್ಳಿ. ಮೊನಾಲಿಸಾ ಇರುವ ಕೋಣೆಯಲ್ಲಿಯೇ, ಅದರ ಎದುರು ಗೋಡೆಯ ತುಂಬ ಪಾವ್ಲೊ ವೆರೊನೇಸೆಯ ‘ಕಾನಾದ ಮದುವೆ’ ಇದೆ: ಸುಮಾರು ಆರೂಮುಕ್ಕಾಲು ಮೀಟರ್ ಎತ್ತರ, ಹತ್ತು ಮೀಟರಿಗೆ ತುಸು ಕಡಿಮೆ ಅಗಲ, ನೂರಕ್ಕೂ ಹೆಚ್ಚು ಜನ ತುಂಬಿದ ಔತಣ. 1563ರಲ್ಲಿ ವೆನಿಸ್ಸಿನ ಒಂದು ಮಠದ ಭೋಜನಶಾಲೆಗಾಗಿ ಮುಗಿಸಿದ ಈ ಚಿತ್ರವನ್ನು ನೆಪೋಲಿಯನ್ನನ ಸೇನೆ 1797ರಲ್ಲಿ ಪ್ಯಾರಿಸ್ಸಿಗೆ ಸಾಗಿಸಿತು. ಕೋಣೆಯೊಳಗಿನ ಜನರೆಲ್ಲ ಅದಕ್ಕೆ ಬೆನ್ನುಹಾಕಿ ಮೊನಾಲಿಸಾದತ್ತ ಮೊಬೈಲ್ ಎತ್ತಿರುತ್ತಾರೆ. ನೀವಿಬ್ಬರೂ ಸರದಿ ಸೇರದೆ ಇತ್ತ ತಿರುಗಿ ನಿಂತು, ಆ ಔತಣದ ನಡುವೆ ವಾದ್ಯ ನುಡಿಸುತ್ತಿರುವವರಿಂದ ಆರಂಭಿಸಿ ಒಂದೊಂದೇ ಮುಖವನ್ನು ನಿಧಾನವಾಗಿ ನೋಡಿಕೊಂಡು ಬನ್ನಿ.